ಗಾಜಿನ ತೊಟ್ಟಿಯ ಮೀನಿನ ಹೊಟ್ಟೆಯುಬ್ಬರ: ನಿದಾನವೂ ಚಿಕಿತ್ಸೆಯೂ

(ನರೇಗಲ್ ಸೀಮೆಯ ಗೃಹಸ್ಥರಿಗೂ ರೈತರಿಗೂ ಉದ್ದೇಶಿಸಿದ ಉಪನ್ಯಾಸದ ಪಾಠ)



ಎತ್ತಿನ ಹೊಟ್ಟೆಯುಬ್ಬರವು ನರೇಗಲ್ಲಿನ ರೈತರಿಗೆ ಹೊಸ ವಿಷಯವಲ್ಲ. ಹಸಿ ಮೇವನ್ನು ಮಿತಿಮೀರಿ ತಿಂದ ಎತ್ತಿನ ಎಡಪಕ್ಕೆಯು ನಗಾರಿಯಂತೆ ಬಿಗಿಯುವುದನ್ನೂ, ಪ್ರಾಣಕ್ಕೆ ಬಂದಾಗ ಪಶುವೈದ್ಯರು ಅಲ್ಲಿ ಕೊಳವೆಸೂಜಿಯನ್ನು ಚುಚ್ಚಿ ವಾಯುವನ್ನು ಹೊರಕ್ಕೆ ಬಿಡುವುದನ್ನೂ ಅನೇಕರು ಕಣ್ಣಾರೆ ಕಂಡಿರುವರು. ಈಗ ಊರುಗಳ ಮನೆಗಳಲ್ಲಿಯೂ ಗಾಜಿನ ತೊಟ್ಟಿಯನ್ನಿಟ್ಟು ಮೀನು ಸಾಕುವ ರೂಢಿ ಬಂದಿದೆ. ಆ ಮೀನಿನ ಹೊಟ್ಟೆಯುಬ್ಬಿದಾಗ ಮನೆಯವರು ಎತ್ತಿನ ನೆನಪಿನಿಂದಲೇ ಅದನ್ನು ಹಿಸುಕುವುದೂ, ಕೈಗೆ ಸಿಕ್ಕಿದ ಔಷಧವನ್ನು ನೀರಿಗೆ ಸುರಿಯುವುದೂ ಉಂಟು. ಇದು ತಪ್ಪು. ಎತ್ತಿನಲ್ಲಿ ತುಂಬುವುದು ವಾಯು. ಮೀನಿನಲ್ಲಿ ತುಂಬುವುದು ಕೆಲವು ವೇಳೆ ಮಲ, ಕೆಲವು ವೇಳೆ ತತ್ತಿ, ಕೆಲವು ವೇಳೆ ನೀರು. ಯಾವುದೆಂದು ತಿಳಿಯದೆ ಚಿಕಿತ್ಸೆಗೆ ಕೈಹಾಕಕೂಡದು.

೧. ಉಬ್ಬರದ ಮೂಲ

ಸಿಹಿನೀರಿನ ಮೀನಿನ ರಕ್ತದಲ್ಲಿ ಲವಣದ ಅಂಶವು ಸುತ್ತಲಿನ ನೀರಿಗಿಂತ ಹೆಚ್ಚು. ಆದುದರಿಂದ ಕಿವಿರುಗಳ ಮೂಲಕ ನೀರು ಎಡೆಬಿಡದೆ ಅದರ ಶರೀರದೊಳಕ್ಕೆ ಇಳಿಯುತ್ತಲೇ ಇರುತ್ತದೆ. ಹೀಗೆ ಬಂದ ನೀರನ್ನು ಮೂತ್ರಪಿಂಡಗಳು ಹಗಲಿರುಳು ಹೊರಕ್ಕೆ ಹಾಕುತ್ತಿರಬೇಕು. ಮೂತ್ರಪಿಂಡವು ಕೆಟ್ಟರೆ ಮೀನಿನ ಗತಿಯು ತೂಬು ಮುಚ್ಚಿಹೋದ ಕೆರೆಯಂತೆ: ಒಳಹರಿವು ನಿಲ್ಲದು, ಹೊರಹರಿವು ಇಲ್ಲ, ಕಡೆಗೆ ಏರಿ ಬಿರಿಯುತ್ತದೆ. ಇದೇ ಜಲೋದರವು. ಏರೋಮೋನಾಸ್ ಜಾತಿಯ ಸೂಕ್ಷ್ಮಜೀವಿಗಳು ಇದಕ್ಕೆ ಅನೇಕ ವೇಳೆ ಕಾರಣವಾಗುತ್ತವೆ. ಇವು ಸಾಮಾನ್ಯವಾಗಿ ನೀರಿನಲ್ಲಿ ಇದ್ದೇ ಇರುವಂಥವು. ಕೆಟ್ಟ ನೀರಿನಿಂದ ಮೀನು ಬಲಗುಂದಿದಾಗ ಮಾತ್ರ ಅವುಗಳ ಕೈ ಮೇಲಾಗುತ್ತದೆ.

೨. ನಿದಾನ

ಮೀನನ್ನು ಹಿಡಿಯದೆ, ಮೊದಲು ಪಕ್ಕದಿಂದಲೂ ಆಮೇಲೆ ಮೇಲಿನಿಂದಲೂ ನೋಡತಕ್ಕದ್ದು.

ಅ. ಹುರುಪೆಗಳು ಮೈಗೆ ಅಂಟಿಕೊಂಡೇ ಇದ್ದು, ಹೊಟ್ಟೆ ಮಾತ್ರ ದುಂಡಾಗಿ, ಮಲವು ಬಾರದೆ ಅಥವಾ ದಾರದಂತೆ ಜೋತಾಡುತ್ತಿದ್ದರೆ ಅದು ಬಹುಶಃ ಮಲಬದ್ಧತೆ. ಗೋಲ್ಡ್ ಫಿಶ್ ಎಂಬ ಹೊಂಬಣ್ಣದ ಮೀನಿಗೆ ಪ್ರತ್ಯೇಕವಾದ ಜಠರವೇ ಇಲ್ಲ; ಅನ್ನವು ನೇರವಾಗಿ ಕರುಳಿಗೆ ಇಳಿಯುತ್ತದೆ. ಒಣ ಕಾಳಿನ ಆಹಾರವನ್ನು ಒಮ್ಮೆಗೇ ಬಹಳವಾಗಿ ಕೊಟ್ಟರೆ ತೊಂದರೆ ತಪ್ಪಿದ್ದಲ್ಲ.

ಆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ತೊಟ್ಟಿ ಬಾವಿಗಳಲ್ಲಿ ಬಿಡುವ ಗಪ್ಪಿ ಮೀನು ಮರಿ ಹಾಕುವ ಜಾತಿಯದು. ಅದರ ಹೊಟ್ಟೆ ಕ್ರಮವಾಗಿ ಬೆಳೆದು, ಗುದದ್ವಾರದ ಬಳಿ ಕಪ್ಪು ಮಚ್ಚೆಯು ಗಾಢವಾಗಿ ಕಂಡರೆ ಅದು ಗರ್ಭ, ರೋಗವಲ್ಲ. ಸುಮಾರು 4 ವಾರಗಳಲ್ಲಿ ಮರಿಗಳಾಗುತ್ತವೆ.

ಇ. ಮೀನು ತಲೆಕೆಳಗಾಗಿ ತೇಲುತ್ತಿದ್ದರೆ ಅಥವಾ ಏಳಲಾರದೆ ತಳದಲ್ಲಿ ಒರಗಿದ್ದರೆ, ಒಳಗಿನ ಗಾಳಿಚೀಲದ ಸಮತೋಲವು ತಪ್ಪಿದೆಯೆಂದು ಊಹಿಸಬೇಕು.

ಈ. ಉಬ್ಬು ಒಂದೇ ಪಕ್ಕದಲ್ಲಿದ್ದು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದರೆ ಅದು ಗಡ್ಡೆಯಿರಬಹುದು.

ಉ. ಮೇಲಿನಿಂದ ನೋಡಿದಾಗ ಹುರುಪೆಗಳೆಲ್ಲ ಕೆದರಿ ನಿಂತು, ಕಣ್ಣುಗಳು ಮುಂದಕ್ಕೆ ಚಾಚಿ, ಮೀನು ಆಹಾರವನ್ನು ಬಿಟ್ಟು ಮಂಕಾಗಿದ್ದರೆ ಅದು ಜಲೋದರ. ಎಲ್ಲದರಲ್ಲಿಯೂ ಇದೇ ಕೆಟ್ಟದ್ದು.

೩. ನೀರಿನ ಪರೀಕ್ಷೆ

ಮೀನಿನ ವೈದ್ಯವು ನೀರಿನಿಂದ ಆರಂಭವಾಗತಕ್ಕದ್ದು. ಮೀನು ಹೊರಗೆಡಹುವ ಅಮೋನಿಯವನ್ನು ಸೋಸುಕದಲ್ಲಿ ನೆಲೆಸಿದ ಉಪಕಾರಿ ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟ್ ಆಗಿಯೂ, ತರುವಾಯ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲಿನ ಎರಡೂ ವಿಷಗಳೇ. ಪರೀಕ್ಷೆಯಲ್ಲಿ ಇವು ಸೊನ್ನೆಯಾಗಿರಬೇಕು. ಪರೀಕ್ಷೆಯ ದ್ರಾವಣಗಳು ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ದೊರೆಯುತ್ತವೆ. ನೀರು ಕ್ಷಾರವಾದಷ್ಟೂ, ಬಿಸಿಯೇರಿದಷ್ಟೂ ಅಮೋನಿಯದ ವಿಷವು ಹೆಚ್ಚುತ್ತದೆ. ಎರೆಭೂಮಿಯ ಸೀಮೆಯಲ್ಲಿ ಬಾವಿಯ ನೀರು ಗಡುಸು, ಬೇಸಿಗೆಯೂ ಕಡಿದಾದುದು. ಅಲ್ಲದೆ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಮ್ ಆಮ್ಲಜನಕವನ್ನು ಹಿಡಿಯಬಲ್ಲ ನೀರು 35 ಡಿಗ್ರಿಯಲ್ಲಿ ಸುಮಾರು 7 ಮಿಲಿಗ್ರಾಮನ್ನು ಮಾತ್ರ ಹಿಡಿಯುತ್ತದೆ. ಆದಕಾರಣ ಇಲ್ಲಿನ ತೊಟ್ಟಿಯಲ್ಲಿ ಮೀನುಗಳ ಸಂಖ್ಯೆಯು ಕಡಿಮೆಯಿದ್ದಷ್ಟೂ ಕ್ಷೇಮ. ತೊಟ್ಟಿಯನ್ನು ಬಿಸಿಲು ಬೀಳದ ಕಡೆ ಇಡಬೇಕು.

೪. ಚಿಕಿತ್ಸೆ

ಮೊದಲನೆಯದಾಗಿ, ತೊಟ್ಟಿಯ ನೀರಿನ ಕಾಲುಭಾಗವನ್ನು ತೆಗೆದು ಹೊಸ ನೀರನ್ನು ತುಂಬಬೇಕು. ನಲ್ಲಿಯ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದರೊಳಗಿನ ಕ್ಲೋರಿನ್ ಹಾರಿಹೋಗುತ್ತದೆ. ನೀರನ್ನೆಲ್ಲ ಚೆಲ್ಲಿ ತೊಟ್ಟಿಯನ್ನು ಉಜ್ಜಿ ತೊಳೆಯಕೂಡದು. ಹಾಗೆ ಮಾಡಿದರೆ ಉಪಕಾರಿ ಜೀವಿಗಳು ನಾಶವಾಗಿ ವಿಷವು ಮತ್ತಷ್ಟು ಹೆಚ್ಚುವುದು. ಸೋಸುಕವನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಜಾಲಿಸಬೇಕು.

ಎರಡನೆಯದಾಗಿ, ಬೆಳೆದ ಮೀನಾದರೆ 2 ಅಥವಾ 3 ದಿನ ಉಪವಾಸವಿಡಬೇಕು. ತರುವಾಯ ಗೋಲ್ಡ್ ಫಿಶ್ ಜಾತಿಗೆ, ಬೇಯಿಸಿ ಸಿಪ್ಪೆ ತೆಗೆದ ಹಸಿರು ಬಟಾಣಿಯನ್ನು ನುರಿದು ಒಂದು ಚೂರು ಕೊಡಬಹುದು. ಮಲಬದ್ಧತೆಯು ಬಹುಮಟ್ಟಿಗೆ ಇಷ್ಟರಿಂದಲೇ ನೀಗುತ್ತದೆ.

ಮೂರನೆಯದಾಗಿ, ಉಬ್ಬರವು ಇಳಿಯದಿದ್ದರೆ ರೋಗಿ ಮೀನನ್ನು ಬೇರೆ ಪಾತ್ರೆಗೆ ಸಾಗಿಸಿ, ಗಾಳಿಯ ಪಂಪನ್ನು ಹಚ್ಚಿ, 20 ಲೀಟರ್ ನೀರಿಗೆ 1 ಚಹದ ಚಮಚದಷ್ಟು, ಎಂದರೆ ಸುಮಾರು 5 ಗ್ರಾಮ್, ಎಪ್ಸಮ್ ಉಪ್ಪನ್ನು ಕರಗಿಸಿ ಹಾಕಬೇಕು. ಇದು ಔಷಧದ ಅಂಗಡಿಯಲ್ಲಿ ದೊರೆಯುವ ಮೆಗ್ನೀಸಿಯಮ್ ಸಲ್ಫೇಟ್, ಅಡಿಗೆಯ ಉಪ್ಪಲ್ಲ. ದಿನವೂ ಕಾಲುಭಾಗ ನೀರನ್ನು ಬದಲಿಸಿ, ಬದಲಿಸಿದ ನೀರಿಗೆ ತಕ್ಕಷ್ಟು ಉಪ್ಪನ್ನು ಮಾತ್ರ ಸೇರಿಸತಕ್ಕದ್ದು.

ಹುರುಪೆ ಕೆದರಿದ ಜಲೋದರಕ್ಕೆ ಸೂಕ್ಷ್ಮಜೀವಿನಾಶಕ ಔಷಧವು ಬೇಕಾಗುವುದು. ಅದನ್ನು ಮೀನುಗಾರಿಕೆಯ ತಜ್ಞರ ಅಥವಾ ಪಶುವೈದ್ಯರ ಸಲಹೆಯಿಲ್ಲದೆ ಹಾಕಕೂಡದು. ಅಳತೆ ತಪ್ಪಿದ ಔಷಧವು ರೋಗಾಣುಗಳನ್ನು ಮೊಂಡು ಮಾಡುತ್ತದೆ. ಈ ಸ್ಥಿತಿಗೆ ಬಂದ ಮೀನುಗಳಲ್ಲಿ ಬಹುಪಾಲು ಉಳಿಯುವುದಿಲ್ಲವೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಮನೆಯ ಮಕ್ಕಳಿಗೂ ಇದನ್ನು ಮೊದಲೇ ತಿಳಿಯಹೇಳುವುದು ಒಳ್ಳೆಯದು. ಹೊಟ್ಟೆಯನ್ನು ಒತ್ತುವುದೂ ಚುಚ್ಚುವುದೂ ಎಂದಿಗೂ ಸಲ್ಲದು.

೫. ಒಂದು ಮುಖ್ಯ ಎಚ್ಚರಿಕೆ

ರೋಗದ ಮೀನನ್ನು ಕೊಲ್ಲಲು ಮನಸ್ಸು ಬಾರದೆ ಕೆರೆಗೋ ಹಳ್ಳಕ್ಕೋ ಕೃಷಿಹೊಂಡಕ್ಕೋ ಬಿಡುವವರುಂಟು. ಇದು ದಯೆಯಂತೆ ಕಂಡರೂ ದಯೆಯಲ್ಲ. ಒಣಬೇಸಾಯದ ತಾಲ್ಲೂಕುಗಳಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಅನೇಕ ಹೊಲಗಳಲ್ಲಿ ಹೊಂಡಗಳಾದುವು. ಇಂಥ ಹೊಂಡಗಳಲ್ಲಿ ಮೀನು ಸಾಕುವುದೂ ಉಂಟು. ಕಟ್ಲ, ರೋಹು, ಮೃಗಾಲ್ ಮೀನುಗಳಿಗೂ ಇದೇ ಏರೋಮೋನಾಸ್ ಜೀವಿಗಳಿಂದ ಜಲೋದರವು ತಗಲುತ್ತದೆ. ಒಂದು ಮನೆಯ ತೊಟ್ಟಿಯ ಮೀನು ಒಬ್ಬ ರೈತನ ವರ್ಷದ ಆದಾಯವನ್ನೇ ಕೆಡಿಸಬಲ್ಲದು. ಆದುದರಿಂದ ಸತ್ತ ಮೀನನ್ನು ನೀರಿನ ನೆಲೆಯಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಬದುಕಿದ ಮೀನನ್ನೂ ಹೊರಗೆ ಬಿಡಬಾರದು. ತೊಟ್ಟಿಯ ನೀರನ್ನು ಹೊಂಡಕ್ಕೆ ಚೆಲ್ಲದೆ ಗಿಡಗಳ ಬುಡಕ್ಕೆ ಹಾಕಬೇಕು. ಉಪ್ಪನ್ನೋ ಔಷಧವನ್ನೋ ಬೆರೆಸಿದ ನೀರು ಮಾತ್ರ ಗಿಡಕ್ಕೂ ಬೇಡ. ಅದನ್ನು ಬಚ್ಚಲಿಗೆ ಸುರಿಯಬೇಕು. ಕೈಯಲ್ಲಿ ಗಾಯವಿದ್ದವರು ತೊಟ್ಟಿಯೊಳಗೆ ಕೈಯಿಡಕೂಡದು. ಕೆಲಸ ಮುಗಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯತಕ್ಕದ್ದು.

ಇಷ್ಟನ್ನು ಚುಟುಕಾಗಿ ಹೇಳುವುದಾದರೆ: ಮೊದಲು ಮೇಲಿನಿಂದ ನೋಟ, ಆಮೇಲೆ ನೀರಿನ ಪರೀಕ್ಷೆ, ಆಮೇಲೆ ಉಪವಾಸ, ಕಡೆಗೆ ಔಷಧ. ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ಕೊಟ್ಟು, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುವ ಮನೆಯಲ್ಲಿ ಈ ರೋಗವು ಕಾಣಿಸಿಕೊಳ್ಳುವುದು ಅಪರೂಪ. ದನದ ಕೊಟ್ಟಿಗೆಯನ್ನು ದಿನವೂ ಗುಡಿಸುವ ಕೈಗಳಿಗೆ ಇದು ಹೆಚ್ಚಿನ ಕೆಲಸವಲ್ಲ.