ಹೆಸರು ಹಲವು, ನಂಬರು ಒಂದು



ದಾಳಿಂಬೆ ಕಾಯಿಯ ಮೇಲೆ ಎಣ್ಣೆ ತಾಗಿದಂಥ ಚುಕ್ಕೆ ಬೀಳುತ್ತದೆ, ಕಾಯಿ ಸೀಳುತ್ತದೆ, ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ. ಸೋಲಾಪುರ, ಅಕ್ಕಲಕೋಟೆಯ ಕಡೆ ನಾವು ಅದಕ್ಕೆ ಮರಾಠಿಯ 'ತೇಲ್ಯಾ' ಎಂಬ ಹೆಸರನ್ನೇ ಹೇಳುತ್ತೇವೆ. ಗಡಿಯಾಚೆಯ ಕನ್ನಡ ಕರಪತ್ರಗಳಲ್ಲಿ ಅದು 'ದುಂಡಾಣು ಅಂಗಮಾರಿ'. ರೋಗ ಮಾತ್ರ ಒಂದೇ.

ಈ ತೊಡಕು ವಿಜ್ಞಾನಿಗಳಿಗೂ ಉಂಟು. ಈ ರೋಗಾಣುವನ್ನು ಮೊದಲು 'ಕ್ಸಾಂಥೋಮೊನಾಸ್ ಆಕ್ಸೊನೊಪೊಡಿಸ್' ಎನ್ನುತ್ತಿದ್ದರು. ಈಗ 'ಕ್ಸಾಂಥೋಮೊನಾಸ್ ಸಿಟ್ರಿ' ಎನ್ನುತ್ತಾರೆ. ಅದರ ವಂಶವಾಹಿಗಳ ವಿವರವನ್ನು 2012ರಲ್ಲಿ ಚಂಡೀಗಢದ ಸಂಶೋಧಕರು ಪ್ರಕಟಿಸಿದರು. ದಾಳಿಂಬೆ ಗಿಡದ್ದನ್ನು 2017ರಲ್ಲಿ ಚೀನಾದವರು. ವಂಶವಾಹಿಯ ಮಾಹಿತಿಗೆ ಒಂದು ಭಂಡಾರ, ಪ್ರೋಟೀನಿಗೆ ಇನ್ನೊಂದು, ಲೇಖನಗಳಿಗೆ ಮತ್ತೊಂದು. ಇವನ್ನೆಲ್ಲ ಜೋಡಿಸುವುದು ಹೇಗೆ?

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಂದು ಲೆಡ್ಜರಿನಲ್ಲಿ 'ಸಿದ್ರಾಮಪ್ಪ', ಇನ್ನೊಂದರಲ್ಲಿ 'ಸಿದ್ಧರಾಮ'. ಆಸಾಮಿ ಒಬ್ಬನೇ ಎಂದು ಹೇಳುವುದು ಖಾತೆ ನಂಬರು. ಅಲ್ಲಿಯೂ ಹಾಗೆಯೇ. ಪ್ರತಿ ದಾಖಲೆಗೆ ಒಂದು ನಂಬರು. ಹೆಸರು ಬದಲಾದರೂ ಅದು ಬದಲಾಗದು. ಅಮೆರಿಕ, ಯುರೋಪ್, ಜಪಾನಿನ ಮೂರು ದೊಡ್ಡ ಭಂಡಾರಗಳು ತಮ್ಮ ನಮೂದುಗಳನ್ನು ದಿನವೂ ಪರಸ್ಪರ ಹಂಚಿಕೊಳ್ಳುತ್ತವೆ. ನಮ್ಮ ದೇಶದ ಭಂಡಾರ 2022ರಲ್ಲಿ ಫರೀದಾಬಾದಿನಲ್ಲಿ ತೆರೆಯಿತು.

ಇದರಲ್ಲಿ ರೈತನ ಪಾಲೂ ಇದೆ. ಸೋಲಾಪುರದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ. ರೋಗದ ಕಾಯಿ ತೋರಿಸಲು ಹೋಗುವಾಗ ಅದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಊರು, ತಳಿ, ಕಿತ್ತ ದಿನ ಬರೆದುಕೊಂಡು ಹೋಗಿರಿ. ಗುರುತಿಲ್ಲದ ಕಾಯಿ ಖಾತೆ ನಂಬರಿಲ್ಲದ ಚಲನಿನಂತೆ. ಹಣ ನಿಜ, ಆದರೆ ಯಾರ ಲೆಕ್ಕಕ್ಕೂ ಸೇರದು.