ಹಳೆಯ ಜೀಪು: ಅಡಿಯ ಟಾಂಕಿ, ಮೇಲಿನ ಟಾಪು

ಕನ್ನಡ ಪಂಡಿತನಿಗೆ ಮೋಟಾರು ಗಾಡಿಯ ಗೊಡವೆ ಏಕೆಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮ ಅಣ್ಣನವರು ಹರಾಜಿನಲ್ಲಿ ಕೊಂಡ ಜೀಪೊಂದು ಮನೆಗೆ ಬಂದಂದಿನಿಂದ ಛಂದಸ್ಸಿನ ಜೊತೆಗೆ ಪಾನೆಯ ಪರಿಚಯವೂ ನನಗೆ ಒದಗಿತು. ಮಿಸ್ತ್ರಿಗಳ ಮಗ್ಗುಲಲ್ಲಿ ನಿಂತು ಕಂಡುದನ್ನೂ ಕೇಳಿದುದನ್ನೂ ಇಂದು ನಿಮ್ಮ ಮುಂದೆ ಇಡುತ್ತೇನೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಯಲ್ಲಿ, ಮಹೀಂದ್ರಾ ಕಂಪನಿಯವರು ಅಮೆರಿಕದ ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. 1953ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆಯ ಕಾಲುವೆ ಗಂಗಾವತಿಯ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. ಕಾಲುವೆಯ ಏರಿಗುಂಟ ಓಡಾಡುವುದಕ್ಕೆ ಜೀಪಿನಂಥ ಗಾಡಿ ಬೇರೊಂದಿರಲಿಲ್ಲ. ಯಲಬುರ್ಗಾದ ಎರೆಯಲ್ಲಿ, ಕುಷ್ಟಗಿಯ ಕೆಂಪು ಧೂಳಿನಲ್ಲಿಯೂ ಅದೇ ಮಾತು. ಅಂಥ ಗಾಡಿಗಳಲ್ಲಿ ಕೆಲವು ಇಂದಿಗೂ ನಮ್ಮ ಹಿತ್ತಿಲುಗಳಲ್ಲಿ ಉಳಿದಿವೆ. ಇಂಜಿನ್ನು ಚೆನ್ನಾಗಿಯೇ ಇರುತ್ತದೆ. ಕೆಟ್ಟುಹೋಗುವುದು ಎರಡು, ಅಡಿಯಲ್ಲಿ ಪೆಟ್ರೋಲಿನ ಟಾಂಕಿ, ತಲೆಯ ಮೇಲೆ ಬಟ್ಟೆಯ ಟಾಪು. ಓಡಿಸಿ ಕೆಡಿಸಿದವರಿಗಿಂತ ನಿಲ್ಲಿಸಿ ಕೆಡಿಸಿದವರೇ ಹೆಚ್ಚು ಎಂಬುದು ನಾನು ಬಲ್ಲ ಮಿಸ್ತ್ರಿಗಳೆಲ್ಲರ ಒಮ್ಮತ.

ಟಾಂಕಿಯ ಮಾತನ್ನು ಮೊದಲು ಎತ್ತಿಕೊಳ್ಳೋಣ. ಈ ಹಳೆಯ ಜೀಪುಗಳಲ್ಲಿ ಅದು ಇರುವುದು ಚಾಲಕನ ಆಸನದ ಅಡಿಯಲ್ಲಿ. ಎಂದರೆ, ಬೀಡಿ ಕಚ್ಚಿಕೊಂಡು ಗಾಡಿ ನಡೆಸುವ ಮಹಾರಾಯ ನಾಲ್ಕಾರು ಗ್ಯಾಲನ್ ಪೆಟ್ರೋಲಿನ ಮೇಲೆಯೇ ಕುಳಿತಿರುತ್ತಾನೆ. ಟಾಂಕಿ ತಗಡಿನದು. ಆ ಕಾಲದವರು ಅದರ ಒಳಮೈಗೆ ಸೀಸ ಮತ್ತು ತವರದ ಲೇಪ ಕೊಡುತ್ತಿದ್ದರು. ನಮ್ಮ ತಾಮ್ರದ ಹಂಡೆಗೆ ಕಲಾಯಿ ಹಾಕಿಸುವಂತೆ ಎಂದು ತಿಳಿಯಿರಿ. ಕಲಾಯಿ ಹೋದ ಪಾತ್ರೆಗೆ ಕಿಲುಬು ಬರುವುದು; ಲೇಪ ಹೋದ ಟಾಂಕಿಗೆ ತುಕ್ಕು ಹಿಡಿಯುವುದು. (ಕಿಲುಬು ತಾಮ್ರ, ಹಿತ್ತಾಳೆಗೆ, ತುಕ್ಕು ಕಬ್ಬಿಣಕ್ಕೆ. ಮಕ್ಕಳು ಪರೀಕ್ಷೆಯಲ್ಲಿ ಇವೆರಡನ್ನೂ ಕಲಸಿ ಬರೆಯುತ್ತಾರಾದ್ದರಿಂದ ಹೇಳಿದೆ.)

ಮುಚ್ಚಿದ ಟಾಂಕಿಯೊಳಕ್ಕೆ ನೀರು ಹೇಗೆ ಬರುತ್ತದೆ? ಅರ್ಧ ತುಂಬಿದ ಟಾಂಕಿಯ ಉಳಿದರ್ಧದಲ್ಲಿ ಗಾಳಿ ಇರುತ್ತದೆ. ಹಗಲು ಕಾದ ಗಾಳಿ ರಾತ್ರಿ ತಣಿದಾಗ ಅದರಲ್ಲಿದ್ದ ತೇವ ತಗಡಿನ ಗೋಡೆಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಪೆಟ್ರೋಲು ಹಗುರ, ನೀರು ಭಾರ. ಆದುದರಿಂದ ನೀರು ತಳಕ್ಕೆ ಹೋಗಿ ಕೂರುತ್ತದೆ. ಇಂದು ಒಂದು ಹನಿ, ನಾಳೆ ಒಂದು ಹನಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ತಳವೆಲ್ಲ ತುಕ್ಕಾಗಿ, ಆ ತುಕ್ಕು ಹೊಟ್ಟಿನಂತೆ ಎದ್ದು ಕಾರ್ಬುರೇಟರಿನ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಡಿಯನ್ನು ನಿಲ್ಲಿಸಲೇಬೇಕಾದರೆ ಟಾಂಕಿಯನ್ನು ತುಂಬಿಸಿಯೇ ನಿಲ್ಲಿಸಿರಿ. ಇಲ್ಲವೆ ಪೂರ್ತಿ ಬರಿದು ಮಾಡಿ, ಒಣಗಿಸಿ ಇಡಿರಿ.

ಈಚೆಗೆ ಇದಕ್ಕೆ ಇನ್ನೊಂದು ಸೇರಿದೆ. 2023ರ ಫೆಬ್ರವರಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶದಾದ್ಯಂತ ಅದೇ ಪ್ರಮಾಣವಾಯಿತು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತನಿಗೆ ಇದರಿಂದ ಲಾಭವಿದ್ದರೆ ಸಂತೋಷವೇ. ಆದರೆ ಈ ಎಥನಾಲಿಗೆ ನೀರೆಂದರೆ ಬಲು ಪ್ರೀತಿ. ಸ್ವಲ್ಪ ನೀರನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಮಿತಿ ಮೀರಿದೊಡನೆ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ತಳ ಸೇರುತ್ತದೆ. ಹಳೆಯ ಕಾಲದ ರಬ್ಬರಿನ ನಳಿಗೆಗಳನ್ನು ಅದು ಉಬ್ಬಿಸಿ ಬಿರುಕು ಬಿಡಿಸುತ್ತದೆ, ಕೆಲವು ಗಾಡಿಗಳ ಬೆಂಡಿನ ತೇಲುಬುಂಡೆಗೆ ಬಳಿದ ಅರಗಿನ ಲೇಪವನ್ನೂ ಕರಗಿಸುತ್ತದೆ. ಆದುದರಿಂದ ಹಳೆಯ ಪೆಟ್ರೋಲು ಜೀಪು ಇರುವವರು ಈ ಇಂಧನಕ್ಕೆ ತಡೆಯುವ ಹೊಸ ನಳಿಗೆಗಳನ್ನು ಒಮ್ಮೆ ಹಾಕಿಸಿಬಿಡುವುದು ಮೇಲು. ಡೀಸೆಲ್ ಇಂಜಿನ್ನಿನವರಿಗೆ ಈ ಎಥನಾಲಿನ ಚಿಂತೆಯಿಲ್ಲ. ನೀರಿನ ಚಿಂತೆ ಮಾತ್ರ ಅವರಿಗೂ ಇದ್ದದ್ದೇ.

ಮುಚ್ಚಳದ ಸಂಗತಿಯೊಂದುಂಟು. ನಮ್ಮ ಪರಿಚಿತರೊಬ್ಬರ ಜೀಪು ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವಾಗ ನಾಲ್ಕಾರು ಮೈಲಿಗೊಮ್ಮೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಹೊರಡುತ್ತಿತ್ತು. ಗಾಳಿಯ ಸೋಂಕು ಎಂದು ಚಾಲಕ ನಿಂಬೆಹಣ್ಣು ಕಟ್ಟಿದ. ಅವನ ಮಾತು ಒಂದರ್ಥದಲ್ಲಿ ನಿಜ, ತೊಂದರೆ ಗಾಳಿಯದೇ! ಟಾಂಕಿಯ ಮುಚ್ಚಳದಲ್ಲಿ ಉಸಿರಾಡುವ ಸಣ್ಣ ತೂತೊಂದಿರುತ್ತದೆ. ಅದು ಧೂಳಿನಿಂದ ಮುಚ್ಚಿಹೋಗಿತ್ತು. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಒಳಗೆ ಬಾರದಿದ್ದರೆ ಪಂಪು ಎಷ್ಟೆಂದು ಎಳೆದೀತು? ಮುಚ್ಚಳ ತೆಗೆದಾಗ ಬುಸ್ಸೆಂದು ಸದ್ದಾದರೆ ಕಾರಣ ಇದೇ ಎಂದು ತಿಳಿಯಿರಿ. ತೂತಿಲ್ಲದ ಬೇರೆ ಮುಚ್ಚಳವನ್ನು ತಂದು ಬಿಗಿಯಬೇಡಿರಿ.

ಇನ್ನು ಸೋರಿಕೆ. ದಾರಿಯಲ್ಲಿ ಹನಿ ಹನಿ ಸೋರಿದರೆ ಬಟ್ಟೆ ತೊಳೆಯುವ ಗಟ್ಟಿ ಸಾಬೂನನ್ನು ಆ ಬಿರುಕಿಗೆ ಒತ್ತಿ ತಿಕ್ಕುವುದು ಚಾಲಕರೆಲ್ಲ ಬಲ್ಲ ಉಪಾಯ. ಸಾಬೂನು ಪೆಟ್ರೋಲಿಗೆ ಕರಗದು. ಆದರೆ ಅದು ಊರು ಮುಟ್ಟುವ ಮಟ್ಟಿಗೆ ಮಾತ್ರ.

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತನಾಡಬೇಕಾಗಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಸುಗೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಯಾರೋ ತಂದಿಟ್ಟ ಟಾಂಕಿಯನ್ನು ಬಗ್ಗಿಸಿ ನೋಡಿದ. ಒಂದು ಹನಿಯೂ ಇಲ್ಲ. ಖಾಲಿ ಇದೆಯಲ್ಲ ಎಂದು ಬೆಂಕಿ ಮುಟ್ಟಿಸಿದ. ಟಾಂಕಿ ಸಿಡಿದು ಎರಡೂ ಕೈ ಮೊಣಕೈವರೆಗೆ ಸುಟ್ಟವು. ಜೀವ ಉಳಿಯಿತು, ಬಲಗೈಯ ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ತುಂಬಿದ ಟಾಂಕಿಗಿಂತ ಬರಿದಾದ ಟಾಂಕಿಯೇ ಘೋರ. ಸಿಡಿಯುವುದು ದ್ರವವಲ್ಲ, ಗಾಳಿಯೊಡನೆ ಬೆರೆತ ಆವಿ. ಬರಿದಾದ ಟಾಂಕಿಯ ತುಂಬ ಇರುವುದು ಅದೇ. ವಾಸನೆ ಹೋಯಿತೆಂದು ನಂಬಬೇಡಿರಿ; ತುಕ್ಕಿನ ಪದರಗಳಲ್ಲಿ ಅವಿತ ಪೆಟ್ರೋಲು ಬಿಸಿ ತಾಕಿದೊಡನೆ ಮತ್ತೆ ಆವಿಯಾಗುತ್ತದೆ. ಬೆಸುಗೆ ಬೇಕೇ ಬೇಕೆಂದರೆ ಟಾಂಕಿಯನ್ನು ಬಿಸಿನೀರು, ಸೋಪಿನ ಪುಡಿಯಿಂದ ಹಲವು ಬಾರಿ ತೊಳೆದು, ಈ ಕೆಲಸವನ್ನೇ ಮಾಡುವ ಅನುಭವಿಗಳ ಕೈಗೆ ಕೊಡಿರಿ. ಅಂಥವರು ಬೆಸೆಯುವ ಜಾಗವೊಂದನ್ನು ಬಿಟ್ಟು ಉಳಿದೆಡೆಯೆಲ್ಲ ನೀರು ತುಂಬಿಸಿ, ಆವಿಗೆ ಎಡೆಯಿಲ್ಲದಂತೆ ಮಾಡಿಕೊಂಡೇ ಕೈಹಾಕುತ್ತಾರೆ. ನಮ್ಮ ಓಣಿಯ ಕಿಟಕಿ, ಗೇಟು ಬೆಸೆಯುವ ಹುಡುಗನ ಮುಂದೆ ಟಾಂಕಿಯನ್ನು ಇಡುವುದು ಅವನಿಗೆ ಮಾಡುವ ದ್ರೋಹ.

ಒಳಗಿನ ತುಕ್ಕನ್ನು ಮಾತ್ರ ನೀವೇ ತೆಗೆಯಬಹುದು. ಮೊದಲು ಬ್ಯಾಟರಿಯ ತಂತಿ ಬಿಚ್ಚಿರಿ. ಬಯಲಿನಲ್ಲಿ, ಒಲೆ ದೀಪಗಳಿಂದ ದೂರ, ಟಾಂಕಿಯನ್ನು ಇಳಿಸಿ ಬರಿದು ಮಾಡಿ, ಸೋಪಿನ ನೀರಿನಿಂದ ತೊಳೆಯಿರಿ. ಬಳಿಕ ಒಂದು ಹಿಡಿ ನುಣುಪಾದ ಹರಳುಕಲ್ಲು ಹಾಕಿ ಕುಲುಕಿದರೆ ಸಡಿಲ ತುಕ್ಕು ಉದುರುತ್ತದೆ. ನಿಂಬೆಉಪ್ಪು ಕರಗಿಸಿದ ನೀರು ಒಂದು ರಾತ್ರಿ ನಿಂತರೆ ಉಳಿದದ್ದೂ ಬಿಡುತ್ತದೆ. ಹುಣಿಸೆಹಣ್ಣು ಹಿತ್ತಾಳೆಯ ಕಳಶಕ್ಕೆ ಮಾಡುವ ಕೆಲಸವೇ ಇದು. ಅಡಿಗೆ ಸೋಡಾದ ನೀರಿನಿಂದ ಹುಳಿಯನ್ನು ಮುರಿದು, ತೊಳೆದು, ಕೂಡಲೇ ಬಿಸಿಲಿಗಿಡಿರಿ. ತಡಮಾಡಿದರೆ ಮಧ್ಯಾಹ್ನದೊಳಗೆ ಹೊಸ ತುಕ್ಕು ಬರುತ್ತದೆ.

ಟಾಪಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಇದಕ್ಕೆ ತಾಡಪತ್ರಿ ಎಂದೂ ಹೇಳುತ್ತಾರೆ. ತಾಳೆಗರಿಗೂ ಇದಕ್ಕೂ ನಂಟಿಲ್ಲ. ಟಾರ್ಪಾಲಿನ್ ಎಂಬ ಇಂಗ್ಲಿಷ್ ಮಾತು ನಮ್ಮ ಬಾಯಲ್ಲಿ ಪಳಗಿ ಹೀಗಾಗಿದೆ. ದಪ್ಪ ಹತ್ತಿಯ ಈ ಬಟ್ಟೆಗೆ ಮಳೆಯಿಂದಾಗುವ ಕೇಡು ಕಡಿಮೆ. ಒದ್ದೆಯಾದಾಗ ಮಡಚಿಟ್ಟರೆ ಆಗುವ ಕೇಡು ಹೆಚ್ಚು. ಮೂರು ದಿನದಲ್ಲಿ ಬೂಷ್ಟು ಹಿಡಿದು ಮಡಿಕೆಗುಂಟ ಹರಿಯುತ್ತದೆ. ಧೂಳು ಕೂತಿರುವಾಗ ಮಡಚಿದರೂ ಅಷ್ಟೇ, ಮಡಿಕೆಯೊಳಗಿನ ಮರಳು ಉಜ್ಜುಕಾಗದದಂತೆ ನೂಲನ್ನು ತಿನ್ನುತ್ತದೆ. ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಜಾಡಿಸಿ ಮಡಚಿರಿ. ಕಲೆ ಹೋಗಲೆಂದು ಸೀಮೆಎಣ್ಣೆ ಒರೆಸುವವರಿದ್ದಾರೆ. ಕಲೆಯೊಡನೆ ನೀರು ತಡೆಯುವ ಮೇಣವೂ ಹೋಗುತ್ತದೆ. ಹತ್ತಿಯ ಬಟ್ಟೆ ನೆನೆದಾಗ ಬಿಗಿಯುವುದರಿಂದ ಮಳೆಗಾಲದಲ್ಲಿ ಪಟ್ಟಿಗಳನ್ನು ಒಂದು ಬೆರಳಿನಷ್ಟು ಸಡಿಲ ಬಿಡಿರಿ. ಮೊದಲು ಸೋಲುವುದು ಹೊಲಿಗೆ. ಒಂದು ಗೇಣು ಬಿಚ್ಚಿದಾಗಲೇ ಹೊಲಿಸಿದರೆ ಟಾಪು ಇನ್ನೂ ಎಷ್ಟೋ ವರ್ಷ ಬಂದೀತು.

ತಾನಾಗಿ ಏರಿಳಿಯುವ ಟಾಪುಗಳೂ ಉಂಟು. ಅಮೆರಿಕದ ಪ್ಲಿಮತ್ ಕಂಪನಿಯವರು 1939ರಲ್ಲಿಯೇ ಇಂಜಿನ್ನಿನ ನಿರ್ವಾತಬಲದಿಂದ ಎತ್ತುವ ಟಾಪನ್ನು ಮಾರಿದರು. ಮುಂದೆ ವಿದ್ಯುತ್ ಪಂಪು ಎಣ್ಣೆಯನ್ನು ಒತ್ತಿ ಎತ್ತುವ ಕ್ರಮ ಬಂತು. ಗಂಗಾವತಿಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಟ್ರ್ಯಾಕ್ಟರಿನ ಟ್ರಾಲಿ ಎತ್ತಿ ಭತ್ತ ಸುರಿಯುವ ಜಾಕಿಯ ತತ್ವವೇ ಅಲ್ಲಿಯದೂ. ಬೆಂಗಳೂರು, ಮೈಸೂರಿನ ನೆಂಟರಲ್ಲಿ ಅಂಥ ಹಳೆಯ ಕಾರಿದ್ದರೆ ಒಂದು ಮಾತು ತಿಳಿಸಿರಿ. ಹಳೆಯ ಕೆಲವು ಕಾರುಗಳ ಟಾಪಿಗೆ ಬ್ರೇಕಿನ ಎಣ್ಣೆ, ಆಮೇಲಿನವಕ್ಕೆ ಖನಿಜ ತೈಲ. ಒಂದಕ್ಕೊಂದು ಬೆರೆಸಿದರೆ ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ. ತಿಂಗಳಿಗೊಮ್ಮೆಯಾದರೂ ಏರಿಸಿ ಇಳಿಸದಿದ್ದರೆ ಆ ರಬ್ಬರು ಒಣಗಿ ಸೋರುತ್ತದೆ.

ಕೊನೆಗೆ ಕಾಗದಪತ್ರ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು, ಆ ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರಕಾರಿ ಗಾಡಿಗಳು ಗುಜರಿಗೇ ಹೋಗಬೇಕೆಂಬ ನಿಯಮ ಬಂದುದರಿಂದ, ಹರಾಜಿನಲ್ಲಿ ಅಂಥ ಜೀಪನ್ನು ಕೊಂಡು ಓಡಿಸುವ ಕಾಲ ಮುಗಿಯಿತು, ಉಳಿದವೇ ಉಳಿದವು. 50 ವರ್ಷ ದಾಟಿ, ಮೂಲರೂಪ ಕೆಡದ ಗಾಡಿಯನ್ನು ಪುರಾತನ ವಾಹನವೆಂದು ನೋಂದಾಯಿಸುವ ವ್ಯವಸ್ಥೆ 2021ರಲ್ಲಿ ಬಂದಿದೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದವಕ್ಕೆ ಮಾತ್ರ ಹೊರಗೆ ತರಬಹುದು. ದಿನದ ಸಂತೆಗೆ, ಗದ್ದೆಗೆ ಒಯ್ಯುವಂತಿಲ್ಲ. ಗದ್ದೆಗೆ ಜೀಪು ಬೇಕೆನ್ನುವವರು ಮಾಮೂಲಿನ ನವೀಕರಣವನ್ನೇ ಮಾಡಿಸಿಕೊಳ್ಳಬೇಕು. ತಪಾಸಣೆಗೆ ಒಯ್ಯುವ ಮುನ್ನ ಆಸನವನ್ನೊಮ್ಮೆ ಎತ್ತಿ, ಟಾಂಕಿಯ ಅಡಿಗೆ ಬೆರಳಾಡಿಸಿ, ಮೂಸಿ ನೋಡಿರಿ.