ಬಲಗಡೆಯ ಜಾಗ



2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ಕೊಟ್ಟಿಗೆಗಳಿಗೆ ನುಗ್ಗಿದಾಗ, ಪಕ್ಕದ ಮನೆಯ ಅಣ್ಣನ ಜೋಡಿ ಹಳ್ಳಿಕಾರ್ ಎತ್ತುಗಳಲ್ಲಿ ಬಲಗಡೆಯದಕ್ಕೆ ಅದು ತಗುಲಿತು. ಸೊಳ್ಳೆ, ನೊಣ, ಉಣ್ಣೆಗಳು ಹರಡುವ ವೈರಸ್. ಮೊದಲು ಜ್ವರ, ಆಮೇಲೆ ಮೈತುಂಬಾ ಗಂಟು. ಡಾಕ್ಟರು ಸೂಜಿ ಹಾಕಿ ಹೋದರು. ಅಣ್ಣ ಎಂಟು ರಾತ್ರಿ ಕೊಟ್ಟಿಗೆಯಲ್ಲೇ ಮಲಗಿದ. ಬೇವಿನ ಸೊಪ್ಪಿನ ಹೊಗೆ ಹಾಕಿದ, ಬಿದಿರಿನ ಗೊಟ್ಟದಲ್ಲಿ ರಾಗಿ ಗಂಜಿ ಕುಡಿಸಿದ. ಒಂಬತ್ತನೆಯ ಬೆಳಗ್ಗೆ ಎತ್ತು ಏಳಲಿಲ್ಲ.

ಹೊಲದ ಬದುವಿನಾಚೆ ಆಳವಾಗಿ ಗುಂಡಿ ತೋಡಿ, ಸುಣ್ಣ ಚೆಲ್ಲಿ ಮಣ್ಣು ಮಾಡಿದರು. ಎತ್ತಿಗೆ ಇಷ್ಟೊಂದು ಅಳುವುದೇ ಎಂದು ನಕ್ಕವರೂ ಇದ್ದರು. ಅವರು ಉತ್ತವರಲ್ಲ, ಬಿಡಿ.

ಸತ್ತ ಎತ್ತಿಗೆ ಸರ್ಕಾರ ಗೊತ್ತುಮಾಡಿದ್ದ ಪರಿಹಾರ 30,000 ರೂಪಾಯಿ. ಬೇಡ ಎನ್ನುವ ಸ್ಥಿತಿ ಅವನದಲ್ಲ. ಅರ್ಜಿಯಲ್ಲಿ ಎತ್ತಿನ ಕಿವಿಯ ಬಿಲ್ಲೆಯ 12 ಅಂಕಿ ಬರೆಸುತ್ತಾ ನನ್ನನ್ನು ಕೇಳಿದ: "ನಾನು ಬೀಡಿ ಹಚ್ಚಿದ್ರೆ ಮುಖ ತಿರುಗಿಸ್ತಿತ್ತಲ್ಲ, ಅದನ್ನ ಎಲ್ಲಿ ಬರೀಲಿ?"

ಉಳಿದ ಎತ್ತು ಈಗಲೂ ನೀರಿನ ತೊಟ್ಟಿಯ ಎಡಬದಿಗೇ ನಿಂತು ಕುಡಿಯುತ್ತದೆ. ಬಲಗಡೆ ಒಂದೆತ್ತಿನಷ್ಟು ಜಾಗ ಬಿಟ್ಟು.